ಗ್ರೀಕರ ಮನೆಯಲ್ಲಿ ಉಳಿದ ಏಳು ಅಕ್ಷರಗಳು

ಕಾಪ್ಟಿಕ್ ಪದಗಳ ಪಟ್ಟಿಯೊಂದನ್ನು, ಆ ಭಾಷೆಯ ಕ್ರಮ ತಿಳಿಯದ ಸಾದಾ ಪ್ರೋಗ್ರಾಮಿಗೆ ಕೊಟ್ಟು ಅಕ್ಷರಾನುಕ್ರಮದಲ್ಲಿ ಜೋಡಿಸಲು ಹೇಳಿದರೆ, ಕೊನೆಗೆ ಬರಬೇಕಾದ ಪದಗಳು ಮೊದಲಿಗೇ ಬಂದು ಕೂರುತ್ತವೆ. 'ಶ'ಕಾರದ ಶೈ, 'ಫ'ಕಾರದ ಫೈ, 'ಹ'ಕಾರದ ಹೋರಿ (ಕನ್ನಡದ ಹೋರಿಗೂ ಇದಕ್ಕೂ ನಂಟಿಲ್ಲ) ಸೇರಿ ಏಳು ಅಕ್ಷರಗಳಿಗೆ ವರ್ಣಮಾಲೆಯಲ್ಲಿ ಕಟ್ಟಕಡೆಯ ಸ್ಥಾನ. ಯೂನಿಕೋಡಿನಲ್ಲಿ ಮಾತ್ರ ಅವುಗಳ ಸಂಖ್ಯೆ ಕಾಪ್ಟಿಕ್‌ನ ಮೊದಲ ಅಕ್ಷರ ಆಲ್ಫಾಕ್ಕಿಂತ ಹಿಂದಿನದು.

ಇದಕ್ಕೆ ಕಾರಣ ಹಳೆಯ ಒಂದು ತೀರ್ಮಾನ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಈಜಿಪ್ಟಿನವರು ತಮ್ಮ ಭಾಷೆಯನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯತೊಡಗಿದರು. ಗ್ರೀಕರ ಬಾಯಲ್ಲಿಲ್ಲದ ಧ್ವನಿಗಳಿಗೆ ತಮ್ಮದೇ ಡೆಮೋಟಿಕ್ ಬರಹದಿಂದ ಚಿಹ್ನೆಗಳನ್ನು ತಂದುಕೊಂಡರು. ಈ ಏಳು ಅಕ್ಷರಗಳು ಹಾಗೆ ಬಂದವು. ಶಾಂಪೋಲಿಯೋನ್ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಲು ನೆರವಾದದ್ದು ಇದೇ ಕಾಪ್ಟಿಕ್ ಭಾಷೆ. ಈಜಿಪ್ಟಿನ ಕಾಪ್ಟಿಕ್ ಚರ್ಚುಗಳ ಪ್ರಾರ್ಥನೆಯಲ್ಲಿ ಅದು ಇಂದಿಗೂ ಕೇಳಿಸುತ್ತದೆ.

ಯೂನಿಕೋಡ್ ರೂಪಿಸಿದವರು ಮೊದಮೊದಲು ಇದನ್ನು ಬೇರೆ ಲಿಪಿ ಎಂದು ಎಣಿಸಲಿಲ್ಲ. ಏಳು ಅಕ್ಷರಗಳಿಗೆ ಗ್ರೀಕ್ ವಿಭಾಗದಲ್ಲೇ ಜಾಗ ಕೊಟ್ಟರು. ಉಳಿದವಕ್ಕೆ ಗ್ರೀಕ್ ಸಂಖ್ಯೆಗಳೇ ಸಾಕು, ಕಾಪ್ಟಿಕ್ ಫಾಂಟ್ ಹಾಕಿಕೊಂಡರಾಯಿತು ಎಂದರು. ಕೇಳಲು ಸರಳ. ಆದರೆ 1939ರಲ್ಲಿ ಪೂರ್ಣಗೊಂಡ ಕ್ರಮ್ ಅವರ ಕಾಪ್ಟಿಕ್ ನಿಘಂಟಿನ ಪುಟ ತೆರೆದರೆ ಕಾಪ್ಟಿಕ್ ಪದದ ಪಕ್ಕದಲ್ಲೇ ಗ್ರೀಕ್ ಸಮಾನಪದ ಸಿಗುತ್ತದೆ. ಅಂಥ ಪುಟವನ್ನು ಒಂದೇ ಸಂಖ್ಯೆಗಳಲ್ಲಿ ಟೈಪು ಮಾಡಿ, ಫಾಂಟಿನ ಮಾಹಿತಿ ಕಳಚಿಹೋದರೆ, ಯಾವುದು ಯಾವ ಭಾಷೆ ಎಂಬ ಗುರುತೇ ಅಳಿಸಿಹೋಗುತ್ತದೆ. ಹುಡುಕಾಟವೂ ಕೆಡುತ್ತದೆ.

ಮೂಲ ಒಂದೇ ಎಂಬ ವಾದವೂ ನಿಲ್ಲುವಂಥದ್ದಲ್ಲ. ಲ್ಯಾಟಿನ್‌ನ 'ಎ', ಗ್ರೀಕ್‌ನ ದೊಡ್ಡ ಆಲ್ಫಾ, ರಷ್ಯನ್ನರ ದೊಡ್ಡ 'ಅ' ನೋಟಕ್ಕೆ ಒಂದೇ. ಆದರೂ ಮೂರಕ್ಕೂ ಮೂರು ಸಂಖ್ಯೆಗಳಿವೆ. ಅವರಿಗೆ ಸಲ್ಲುವ ನ್ಯಾಯ ಕಾಪ್ಟಿಕ್‌ಗೆ ಏಕಿಲ್ಲ? ಕನ್ನಡಿಗರಿಗೆ ಈ ಪಾಡು ಹೊಸದೇನಲ್ಲ. 1991ರ ಭಾರತೀಯ ಮಾನಕ ಇಸ್ಕಿಯಲ್ಲಿ ಕನ್ನಡದ ಕ, ತೆಲುಗಿನ ಕ, ನಾಗರಿಯ ಕ ಎಲ್ಲಕ್ಕೂ ಒಂದೇ ಸಂಖ್ಯೆ ಇತ್ತು. ಯಾವ ಲಿಪಿ ಎಂದು ಬೇರೊಂದು ಸಂಕೇತ ಹೇಳಬೇಕಿತ್ತು. ಆ ಸಂಕೇತ ತಪ್ಪಿದರೆ ಕನ್ನಡದ ಸಾಲು ನಾಗರಿಯಾಗಿ ಕಾಣುವುದೇ. ಯೂನಿಕೋಡ್ ಭಾರತದ ಲಿಪಿಗಳನ್ನು ಬೇರ್ಪಡಿಸಿಯೇ ಇಟ್ಟದ್ದು ದೊಡ್ಡ ಉಪಕಾರ.

ಕಾಪ್ಟಿಕ್‌ಗೆ ಆ ಭಾಗ್ಯ ಬಂದದ್ದು 2005ರಲ್ಲಿ, 4.1ನೇ ಆವೃತ್ತಿಯಲ್ಲಿ. ಆಲ್ಫಾದಿಂದ ಮೊದಲಾಗಿ ಪ್ರತ್ಯೇಕ ವಿಭಾಗವೇ ಸಿಕ್ಕಿತು. ಏಳು ಅಕ್ಷರಗಳು ಮಾತ್ರ ಹಿಂದಿನ ಜಾಗದಲ್ಲೇ ಉಳಿದವು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮ. ಹೆಸರನ್ನೂ ಬದಲಿಸುವಂತಿಲ್ಲ: ಹಳಗನ್ನಡದ ೞ ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಅಧಿಕೃತ ಹೆಸರು ಅಂಟಿದ್ದು ಇವತ್ತಿಗೂ ಹಾಗೇ ಇದೆ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೆ.

ಈ ನಿಯಮವನ್ನು ಹಳಿಯುವುದು ಸುಲಭ, ಆದರೆ ಅದು ಬೇಕೇ ಬೇಕು. ಸಂಖ್ಯೆಗಳನ್ನು ಸರಿಸಿದರೆ ಅದುವರೆಗೆ ಬರೆದಿಟ್ಟ ಕಡತಗಳೆಲ್ಲ ಓದಲಾಗದಂತೆ ಕೆಡುತ್ತವೆ. ತಪ್ಪಾದದ್ದು ಮೊದಲ ಹೆಜ್ಜೆಯಲ್ಲಿ: ತಿದ್ದಲಾಗದ ನಿರ್ಧಾರವನ್ನು, ಆ ಲಿಪಿಯನ್ನು ದಿನವೂ ಓದಿ ಬರೆಯುವವರ ಕಷ್ಟ ಅರಿಯುವ ಮುನ್ನವೇ ತೆಗೆದುಕೊಂಡರು. ಅಕ್ಕಪಕ್ಕದ ಎರಡು ಲಿಪಿ ಒಂದೇ ಎನ್ನುವ ಆತುರಕ್ಕೆ ಬೆಲೆ ತೆರುವವರು ಯಾವಾಗಲೂ ಸಣ್ಣ ಸಮುದಾಯದವರು.

ಸದ್ಯಕ್ಕೆ ಭಾರ ಬಿದ್ದಿರುವುದು ತಂತ್ರಾಂಶ ಮತ್ತು ಫಾಂಟು ಮಾಡುವವರ ಮೇಲೆ. ಅಕ್ಷರಗಳ ಕ್ರಮ ತಿಳಿಸುವ ಕೋಷ್ಟಕ ಯೂನಿಕೋಡಿನಲ್ಲೇ ಇದೆ, ಅದನ್ನು ಬಳಸಬೇಕು. ಫಾಂಟಿನಲ್ಲಿ ಹೊಸ ವಿಭಾಗ ತುಂಬಿಸಿ ಹಳೆಯ ಏಳನ್ನು ಮರೆತರೆ, ಒಂದೇ ಪದದ ನಡುವೆ ಶೈ ಮಾತ್ರ ಬೇರೊಂದು ಫಾಂಟಿನಿಂದ ಬಂದು ದಪ್ಪಗೋ ತೆಳ್ಳಗೋ ಕಾಣುತ್ತದೆ, ಇಲ್ಲವೇ ಖಾಲಿ ಚೌಕವಾಗುತ್ತದೆ. ಪ್ರಾರ್ಥನೆಯ ಪುಸ್ತಕವನ್ನು ಮೊಬೈಲಿನಲ್ಲಿ ಓದುವವರಿಗೆ ಆ ಚೌಕ ಇದ್ದಲ್ಲಿ ಪದವೇ ಮುರಿದಂತೆ.