ಕೇಸು ಜಾಸ್ತಿಯಾದರೆ ಕಾಲ ಕೆಟ್ಟಿತು ಅಂತಲೇನಾ?

ಮನೆಯಿಂದ ಫೋನ್ ಬಂದಾಗೆಲ್ಲ ನಮಗೆ ಕೇಳಿಸೋದು ಒಂದೇ ಮಾತು: "ಕಾಲ ಕೆಟ್ಟೋಗಿದೆ, ಹುಷಾರು." ಟಿವಿ ಹಾಕಿದ್ರೂ ಅದೇ, ರೀಲ್ಸ್ ನೋಡಿದ್ರೂ ಅದೇ. ಆದರೆ ನಾವು ಎಂಜಿನಿಯರಿಂಗ್ ಓದುವವರು. ಡೇಟಾ ನೋಡದೆ ಒಪ್ಪಬಾರದು ಅಲ್ವಾ?

ಮೊದಲು ಕೊಲೆ. ಹೆಣ ಸಿಕ್ಕ ಮೇಲೆ ಮುಚ್ಚಿಡೋದು ಕಷ್ಟ, ಹಾಗಾಗಿ ಈ ಲೆಕ್ಕವನ್ನು ಸ್ವಲ್ಪ ಜಾಸ್ತಿ ನಂಬಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. 1992ರಲ್ಲಿ ಅದು ಸುಮಾರು 40 ಸಾವಿರ ಇತ್ತು. ಈ ಮಧ್ಯೆ ಜನಸಂಖ್ಯೆ 50 ಕೋಟಿಗೂ ಹೆಚ್ಚು ಏರಿದೆ. ಅಂದರೆ ಕೊಲೆಯ ಮಟ್ಟಿಗೆ, ಅಪ್ಪ-ಅಮ್ಮ ಹೇಳುವ 'ಒಳ್ಳೆ ಕಾಲ'ವೇ ಹೆಚ್ಚು ಅಪಾಯದ್ದು!

ಈಗ ಅತ್ಯಾಚಾರ. 2012ರಲ್ಲಿ 24,923 ಪ್ರಕರಣ, 2013ರಲ್ಲಿ 33,707. ಒಂದೇ ವರ್ಷದಲ್ಲಿ ದೇಶ ಅಷ್ಟು ಕೆಟ್ಟಿತಾ? 2012ರ ಡಿಸೆಂಬರ್‌ನ ದೆಹಲಿ ಘಟನೆ ನಂತರ ಕಾನೂನು ಬದಲಾಯಿತು. ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ದೂರು ದಾಖಲಿಸದ ಪೊಲೀಸರಿಗೂ ಶಿಕ್ಷೆ ಬಂತು, ಹೆಣ್ಣುಮಕ್ಕಳು ಮಾತಾಡೋಕೆ ಶುರು ಮಾಡಿದರು. ಸೆನ್ಸರ್‌ನ ಸೆನ್ಸಿಟಿವಿಟಿ ಹೆಚ್ಚಿಸಿದರೆ ರೀಡಿಂಗ್ ಏರುತ್ತೆ. ಏರಿಕೆಯಲ್ಲಿ ಎಷ್ಟು ಅಪರಾಧದ್ದು, ಎಷ್ಟು ಧೈರ್ಯದ್ದು ಅಂತ ಆ ಒಂದು ಸಂಖ್ಯೆ ಹೇಳಲ್ಲ. ಹಾಗೇ ಕಡಿಮೆ ರೀಡಿಂಗ್ ಅಂದರೆ ಸುರಕ್ಷಿತ ಅಂತಲೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೇಳಿದವರು ಬರೀ ಶೇ. 14.

ಹಾಗಂತ ಭಯ ಸುಳ್ಳಲ್ಲ. ರಾತ್ರಿ ಬಸ್‌ಸ್ಟಾಪ್‌ನಲ್ಲಿ ಒಬ್ಬಳೇ ನಿಲ್ಲುವವಳಿಗೆ ಅಂಕಿಅಂಶ ಧೈರ್ಯ ಕೊಡಲ್ಲ. ನಮ್ಮ ತಕರಾರು ಬೇರೆ: ನಮ್ಮ ಎಚ್ಚರಿಕೆ ಎಲ್ಲ ಅಪರಿಚಿತನ ಮೇಲೇ ಇದೆ. ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಶೇ. 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಯದವನೇ. ಆದರೂ ಪರಿಹಾರ ಅಂದರೆ ಹುಡುಗಿಯರ ಹಾಸ್ಟೆಲ್ ಗೇಟು ಬೇಗ ಹಾಕೋದು! ಗೇಟು ಹಾಕಿದರೆ ಅಪರಾಧ ಇಳಿಯುತ್ತೋ ಇಲ್ಲವೋ, ಲೈಬ್ರರಿಯಲ್ಲಿ ಓದುವ ಹುಡುಗಿಯರ ಸಂಖ್ಯೆ ಮಾತ್ರ ಇಳಿಯುತ್ತೆ.

ಇನ್ನು ಫೋನಿಗಂತೂ ಗೇಟೇ ಇಲ್ಲ. ಸೈಬರ್ ಅಪರಾಧ ಪ್ರಕರಣಗಳು 2021ರಲ್ಲಿ 52,974 ಇದ್ದದ್ದು 2022ರಲ್ಲಿ 65,893 ಆದವು. ಅದರಲ್ಲಿ ಕರ್ನಾಟಕದ್ದೇ 12 ಸಾವಿರಕ್ಕೂ ಹೆಚ್ಚು. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾವು ಕೇಳೋದು ಇಷ್ಟೇ. ಹಾಸ್ಟೆಲ್ ದಾರಿಗೆ ಲೈಟ್ ಹಾಕಿಸಿ. ಲೈಬ್ರರಿ ಮುಚ್ಚುವವರೆಗೆ ಎಲ್ಲರಿಗೂ ಒಂದೇ ಟೈಮಿಂಗ್ ಇರಲಿ. ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ, ಅವರ ನಂಬರ್ ಏನು ಅಂತ ಪ್ರತಿ ನೋಟಿಸ್ ಬೋರ್ಡ್‌ನಲ್ಲೂ ಹಾಕಿ. ದೂರು ಬಂದರೆ ಕಾಲೇಜಿನ ಹೆಸರು ಕೆಡುತ್ತೆ ಅನ್ನುವವರು ಲ್ಯಾಬ್ ನೆನಪು ಮಾಡಿಕೊಳ್ಳಲಿ: ಮೀಟರ್ ಸೊನ್ನೆ ತೋರಿಸಿದರೆ ಮೊದಲು ನೋಡಬೇಕಾದ್ದು ವೈರ್ ಸರಿಯಾಗಿ ಕನೆಕ್ಟ್ ಆಗಿದೆಯಾ ಅಂತ.