ಫೋಟೊ ಚೆನ್ನಾಗಿಲ್ಲ ಅಂದರೆ ಸಾಲದು

ಭಾನುವಾರ ಬಂತೆಂದರೆ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಯಾರಾದರೊಬ್ಬರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. 1938ರ ಧ್ವಜ ಸತ್ಯಾಗ್ರಹದ ನೆನಪಿಗೆ ಕಟ್ಟಿದ ಸೌಧ ಈಗ ನಮ್ಮ ಹುಡುಗರಿಗೆ ಒಳ್ಳೆಯ ಬ್ಯಾಕ್‌ಗ್ರೌಂಡ್. ಅಲ್ಲಿ ಬೇಡವಾದರೆ ಶಿಂಷಾ ದಂಡೆ, ಅದೂ ಬೇಡವಾದರೆ ಕಬ್ಬಿನ ಗದ್ದೆಯ ಬದು. ಇದರಲ್ಲಿ ನನ್ನ ತಕರಾರೇನೂ ಇಲ್ಲ. ತೆಗೆದದ್ದನ್ನು ನನ್ನ ಸ್ಟುಡಿಯೊಗೆ ತಂದು ‘ಹೆಂಗೈತೆ ಹೇಳಿ ಸಾರ್’ ಅನ್ನುತ್ತಾರಲ್ಲ, ತೊಡಕು ಶುರುವಾಗುವುದೇ ಅಲ್ಲಿ.

ಅವರ ಕಿವಿಗೆ ಇದುವರೆಗೆ ಬಿದ್ದಿರುವುದು ಎರಡೇ ಬಗೆಯ ಮಾತು. ವಾಟ್ಸಾಪ್ ಸ್ಟೇಟಸ್ ನೋಡಿದ ಗೆಳೆಯರದು ‘ಬೆಂಕಿ ಮಗಾ’. ನಮ್ಮಂಥ ಹಳಬರದು ‘ಇದೂ ಒಂದು ಫೋಟೊನಾ?’. ಇವೆರಡರಿಂದಲೂ ಮುಂದಿನ ಫೋಟೊಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಹಳಬರ ಮಾತೇ ಹೆಚ್ಚು ಕೆಟ್ಟದ್ದು ಅಂತ ನನ್ನ ಅನಿಸಿಕೆ. ಅದರಲ್ಲಿ ವಿದ್ಯೆಗಿಂತ ಗತ್ತೇ ಜಾಸ್ತಿ.

ಈಚೆಗೆ ಒಬ್ಬ ಹುಡುಗ ತನ್ನ ತಾತನ ಫೋಟೊ ತಂದಿದ್ದ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಹಿಂದೆ ಕಬ್ಬು, ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಮೈಬಣ್ಣ. ಬಿಸಿಲು ನೆತ್ತಿಯ ಮೇಲಿದ್ದುದರಿಂದ ಕಣ್ಣಿನ ಗುಳಿಗಳೆರಡೂ ಕತ್ತಲು. ಬೆಳ್ಳನೆಯ ಬಟ್ಟೆಯನ್ನು ನಂಬಿದ ಕ್ಯಾಮೆರಾ ಬೆಳಕು ಇಳಿಸಿ, ಮುಖವನ್ನು ಇನ್ನಷ್ಟು ಕಪ್ಪಾಗಿಸಿತ್ತು. ತಲೆಯಿಂದ ಒಂದು ತೆಂಗಿನಮರ ಎದ್ದಿತ್ತು. ಗದ್ದೆಯ ಹಸಿರು ಗದ್ದದ ಕೆಳಗೆ ಪ್ರತಿಫಲಿಸಿ, ಚರ್ಮಕ್ಕೆ ಪಾಚಿಯ ಛಾಯೆ ಬಂದಿತ್ತು. ಇದನ್ನೆಲ್ಲ ಮುಚ್ಚಲು ಹುಡುಗ ಮೊಬೈಲಿನಲ್ಲಿ ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡಿದ್ದ.

‘ಚೆನ್ನಾಗಿಲ್ಲ’ ಅಂದು ಕಳಿಸಿದ್ದರೆ ಅವನು ಹೊಸ ಲೆನ್ಸಿಗೆ ಸಾಲ ಮಾಡುತ್ತಿದ್ದನೇನೋ. ನಾನು ಹೇಳಿದ್ದು ಇಷ್ಟು: ತಾತನನ್ನು ಹೊಂಗೆ ನೆರಳಿನ ಅಂಚಿಗೆ ತಂದು, ಮುಖ ಬಯಲ ಕಡೆಗೆ ತಿರುಗಿಸು. ಬೆಳಕಿನ ಲೆಕ್ಕ ಪಂಚೆಯಿಂದ ಬೇಡ, ಕೆನ್ನೆಯಿಂದ ತಗೊ. ನೀನು ಎರಡು ಹೆಜ್ಜೆ ಎಡಕ್ಕೆ ಸರಿದರೆ ತೆಂಗಿನಮರ ತಲೆ ಬಿಟ್ಟು ಹೋಗುತ್ತದೆ. ಮುಖ ಕತ್ತಲೆನಿಸಿದರೆ ಇನ್ನೊಂದು ಪಂಚೆಯನ್ನು ಎದೆಯ ಮಟ್ಟದಲ್ಲಿ ಹಿಡಿಸು, ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಇದರಲ್ಲಿ ಕಾಸು ಕೇಳುವಂಥದ್ದು ಒಂದೂ ಇಲ್ಲ. ನಾಳೆ ಅದೇ ಗದ್ದೆಯಲ್ಲಿ ಮಾಡಬಹುದಾದ್ದನ್ನು ಹೇಳಿದರೆ ಮಾತ್ರ ಅದು ವಿಮರ್ಶೆ. ಮಿಕ್ಕಿದ್ದು ಹೊಟ್ಟೆಕಿಚ್ಚು, ಇಲ್ಲವೇ ಮುಖಸ್ತುತಿ.

ಆದರೆ ಆ ದಿನ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು, ಬಾಗಿಲ ಬಳಿ ಕುಳಿತಿದ್ದ ತಾತ. ಕನ್ನಡಕ ಏರಿಸಿ ನೋಡಿ, ‘ಇದ್ಯಾರ್ಲಾ ಮದ್ವೆ ಗಂಡು?’ ಅಂದರು. ಬಿಸಿಲಿನಲ್ಲಿ ಬೆಂದ ಚರ್ಮ, ಹಣೆಯ ಗೆರೆ, ಗದ್ದದ ಗಾಯದ ಗುರುತು ಯಾವುದೂ ಅಲ್ಲಿರಲಿಲ್ಲ. ಕಪ್ಪು ಮುಖವನ್ನು ಬೆಳ್ಳಗೆ ಮಾಡಿ ಅದನ್ನೇ ‘ಎಡಿಟಿಂಗ್’ ಅನ್ನುವ ನಮ್ಮ ದಂಧೆಗೆ ಇದಕ್ಕಿಂತ ನೇರ ಟೀಕೆ ನಾನು ಕೇಳಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವಿಡೀ ಇಂಥ ಸಾಮಾನ್ಯರನ್ನೇ ತೆಗೆದರು. 1977ರಲ್ಲಿ ಪದ್ಮಶ್ರೀಯೂ ಬಂತು. ಅವರ ಕಪ್ಪುಬಿಳುಪು ಚಿತ್ರಗಳನ್ನು ಈ ಹುಡುಗರಿಗೆ ತೋರಿಸುತ್ತೇನೆ. ‘ಇದರಲ್ಲಿ ಬ್ಲರ್ರೇ ಇಲ್ವಲ್ಲ ಸಾರ್’ ಅಂತಾರೆ! ಇರಲಿ, ನೋಡುತ್ತಾ ನೋಡುತ್ತಾ ಸರಿಹೋಗುತ್ತದೆ.

ಬೆಂಗಳೂರಿನವರಿಗೆ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ. ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರ ಬಳಿ ಕಲಿತ ಎಷ್ಟೋ ಮಂದಿ ಅಲ್ಲಿದ್ದಾರೆ. ನಮ್ಮ ಮದ್ದೂರು, ಮಳವಳ್ಳಿಯ ಹುಡುಗರಿಗೆ ಅಂಥದ್ದೊಂದು ಜಗಲಿಯಾದರೂ ಬೇಡವೇ? ಸ್ಪರ್ಧೆ ಇಟ್ಟು ಬಹುಮಾನ ಕೊಡುವುದು ಸುಲಭ, ನಮ್ಮ ಸಂಘಗಳು ಅದನ್ನು ಮಾಡುತ್ತಲೂ ಇವೆ. ಆದರೆ ಸೋತವನಿಗೆ ಯಾಕೆ ಸೋತೆ ಅಂತ ಯಾರೂ ಹೇಳುವುದಿಲ್ಲ. ನಮ್ಮ ಸ್ಟುಡಿಯೊದವರು ತಿಂಗಳಿಗೊಂದು ಸಂಜೆ ಅಂಗಡಿ ಬಾಗಿಲು ಹಾಕಿ ಸೇರಲಿ. ಮೊಬೈಲ್ ಬೇಡ, ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹರಡೋಣ. ಫೋಟೊದಲ್ಲಿ ಇರುವವರನ್ನೂ ಕರೆದು, ಮೊದಲ ಮಾತು ಅವರಿಗೇ ಬಿಡೋಣ. ಮಾತಾಡುವವರು ಬೆರಳಿಟ್ಟು ತೋರಿಸಿ ಮಾತಾಡಲಿ. ತೆಗೆದವನು ಎಲ್ಲರದೂ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೇಳಲಿ. ಜಾಗ ನನ್ನದೇ ಆಗಬಹುದು, ವಡೆ ಕಾಫಿಯ ಖರ್ಚೂ ನನ್ನದೇ.