ಚಿತ್ರಕಾರನಿಗೆ ಬರೀ ಶಾಲು ಸಾಕೇ?

ಕಲಾವಿದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿ. ಆಗ ಅದು ನಮ್ಮ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ ಊರು. ಮುಂಬಯಿಯಲ್ಲಿ ನೆಲೆಸಿ ಸಿನಿಮಾ ಪೋಸ್ಟರು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ, ಕ್ಯಾಲೆಂಡರಿಗೆ ಪುರಾಣದ ಚಿತ್ರಗಳನ್ನು ಬರೆದರು. ದುಡ್ಡಿಗೆ ಬರೆದರೆಂದು ಅವರ ಕಲೆಯೇನೂ ಸಣ್ಣದಾಗಲಿಲ್ಲ. ಇಂದು ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು.

ಆದರೆ ಕ್ಯಾಲೆಂಡರು ನಮಗೊಂದು ಕೆಟ್ಟ ರೂಢಿ ಕಲಿಸಿತು. ಕಂಪನಿಯವರು ಹಣ ಕೊಟ್ಟು ಬರೆಸಿದ ಚಿತ್ರ ನಮ್ಮ ಗೋಡೆಗೆ ಪುಕ್ಕಟೆ ಬಂತು. ದೇವರಿಗೆ ಕೈ ಮುಗಿದೆವು, ಮೂಲೆಯಲ್ಲಿದ್ದ ಸಹಿ ಓದಲಿಲ್ಲ. ಚಿತ್ರವೆಂದರೇ ಪುಕ್ಕಟೆ ಎಂದುಕೊಂಡೆವು.

ನಮ್ಮ ಸಮಾರಂಭಗಳಲ್ಲೂ ಅದೇ ಕತೆ. ಶಾಮಿಯಾನ, ಊಟ, ಫ್ಲೆಕ್ಸಿಗೆ ಚೆಕ್ಕು. ವೇದಿಕೆಗೆ ಭುವನೇಶ್ವರಿಯ ಚಿತ್ರ ಬರೆದುಕೊಟ್ಟವರಿಗೆ ಶಾಲು, ಹಾರ. ಹಾರ ತೆಗೆದುಕೊಂಡು ಬಣ್ಣದಂಗಡಿಯವನು ಒಂದು ಟ್ಯೂಬಾದರೂ ಕೊಟ್ಟಾನೆಯೇ? 'ಪ್ರಚಾರ ಸಿಗುತ್ತದಲ್ಲ' ಎನ್ನುತ್ತಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು ನಾನು, ಪ್ರಚಾರವನ್ನು ಯಾವ ಖಾತೆಗೂ ಜಮಾ ಮಾಡಲು ಬರುವುದಿಲ್ಲ.

ಅತಿಥಿಗಳಿಗೆ ಕೊಡುವ ಸ್ಮರಣಿಕೆಗಳು ಹೇಗೂ ಅಟ್ಟ ಸೇರುತ್ತವೆ. ಸಂಘಗಳವರು ಬರುವ ರಾಜ್ಯೋತ್ಸವಕ್ಕೆ ಅವುಗಳ ಬದಲು ಇಲ್ಲಿನ ಚಿತ್ರಕಾರರಿಂದ ಒಂದೆರಡು ಚಿತ್ರ ಕೊಳ್ಳಲಿ. ಬೆಲೆಯನ್ನು ಬರೆದವರೇ ಹೇಳಲಿ. ಚಿತ್ರ ಕೊಡುವಾಗ ಅವರ ಹೆಸರನ್ನು ಮೈಕಿನಲ್ಲಿ ಹೇಳಲು ಮರೆಯದಿರಲಿ.